ಇಬ್ಬರು ಅಮ್ಮಂದಿರು, ಇಬ್ಬರು ಅಪ್ಪಂದಿರು: ಅಳೆದು ನೋಡಿದವರು ಕಂಡದ್ದು

2004ರ ಡಿಸೆಂಬರ್‌ನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಸರ್ಕಾರದವರು ಇಬ್ಬರು ಹುಡುಗರನ್ನು ಮಾರ್ಟಿನ್ ಗಿಲ್ ಎಂಬುವರ ಮನೆಗೆ ತಂದು ಬಿಟ್ಟರು. ದೊಡ್ಡವನಿಗೆ ನಾಲ್ಕು ವರ್ಷ, ಚಿಕ್ಕವನಿಗೆ ನಾಲ್ಕು ತಿಂಗಳು. ದೊಡ್ಡವನ ಮೈಮೇಲೆ ದೊಡ್ಡವರ ಅಳತೆಯ ಕೊಳಕು ಟೀ ಶರ್ಟ್, ಕಾಲಲ್ಲಿ ನಾಲ್ಕು ಸೈಜ್ ಚಿಕ್ಕದಾದ ಶೂ. ಇಬ್ಬರ ತಲೆಯಲ್ಲೂ ಹುಳುಕಡ್ಡಿ. ಅದಕ್ಕೆಂದು ಕಳಿಸಿದ್ದ ಔಷಧದ ಮುಚ್ಚಳವನ್ನೇ ಯಾರೂ ತೆಗೆದಿರಲಿಲ್ಲ, ಅದರ ಅವಧಿಯೂ ಮುಗಿದಿತ್ತು. ಕೂಸಿನ ಕಿವಿಯ ಸೋಂಕಿಗೆ ಕೊಟ್ಟಿದ್ದ ಬಾಟಲಿ ತಿಂಗಳಾದರೂ ಹೆಚ್ಚುಕಮ್ಮಿ ತುಂಬಿಯೇ ಇತ್ತು. ದೊಡ್ಡ ಹುಡುಗ ಮಾತೇ ಆಡುತ್ತಿರಲಿಲ್ಲ. ಅವನಿಗಿದ್ದದ್ದು ಒಂದೇ ಚಿಂತೆ, ತಮ್ಮನನ್ನು ನೋಡಿಕೊಳ್ಳುವುದು. ಇದೆಲ್ಲ ಕೋರ್ಟಿನ ದಾಖಲೆಯಲ್ಲಿದೆ.

ಗಿಲ್ ಸಲಿಂಗಿ. ಅವರೂ ಅವರ ಸಂಗಾತಿಯೂ ಸೇರಿ ಆ ಹುಡುಗರನ್ನು ಸಾಕಿದರು. ಮಕ್ಕಳು ಚೇತರಿಸಿಕೊಂಡರು. ಹೆತ್ತವರ ಹಕ್ಕು ರದ್ದಾದ ಮೇಲೆ ಗಿಲ್ ದತ್ತು ಕೇಳಿ ಅರ್ಜಿ ಹಾಕಿದರು. ಮನೆಗೆ ಬಂದು ನೋಡಿದವರು ಒಳ್ಳೆಯ ವರದಿಯನ್ನೇ ಕೊಟ್ಟರು. ಆದರೂ ಅರ್ಜಿ ತಿರಸ್ಕಾರವಾಯಿತು. ಕಾರಣ ಒಂದೇ: ಫ್ಲಾರಿಡಾದಲ್ಲಿ ಸಲಿಂಗಿಗಳು ದತ್ತು ಪಡೆಯುವಂತಿರಲಿಲ್ಲ. ಸರ್ಕಾರದ ಪರವಾಗಿ ವರ್ಷಗಟ್ಟಲೆ ಸಾಕುವುದಕ್ಕೆ ಅಡ್ಡಿಯಿಲ್ಲ, ಮಗ ಅಂತ ಬರೆಸಿಕೊಳ್ಳುವುದಕ್ಕೆ ಮಾತ್ರ ಅಡ್ಡಿ!

ಆ ಕಾನೂನು ಬಂದದ್ದು 1977ರಲ್ಲಿ. ಗಾಯಕಿ ಅನಿತಾ ಬ್ರಯಂಟ್ ಬೈಬಲ್ ಹಿಡಿದು 'ನಮ್ಮ ಮಕ್ಕಳನ್ನು ಉಳಿಸಿ' ಎಂಬ ಅಭಿಯಾನ ನಡೆಸಿದ ವರ್ಷ ಅದು. ಮಕ್ಕಳನ್ನು ಯಾರಿಂದ ಉಳಿಸಬೇಕು ಅಂತ ಆಗ ಯಾರೂ ಅಳೆದು ನೋಡಿರಲಿಲ್ಲ. ಸುಮ್ನೆ ನಂಬಿದ್ದರು, ಅಷ್ಟೇ.

ಧರ್ಮದ ಮಾತಿನಲ್ಲಿ ಎರಡು ಭಾಗ ಇರುತ್ತದೆ. 'ನಮ್ಮ ದೇವರು ಇದನ್ನು ಒಪ್ಪುವುದಿಲ್ಲ' ಅನ್ನುವುದು ಒಂದು. ಅದನ್ನು ವಿಜ್ಞಾನ ಅಳೆಯಲಾರದು, ಅಳೆಯುವ ಅಗತ್ಯವೂ ಇಲ್ಲ. ಎರಡನೆಯದು, 'ಇಂಥ ಮನೆಯಲ್ಲಿ ಬೆಳೆದ ಮಕ್ಕಳು ಹಾಳಾಗುತ್ತಾರೆ' ಅನ್ನುವುದು. ಇದು ಈ ಲೋಕದ ಮಾತು. ಮಕ್ಕಳನ್ನು ನೋಡಿ, ಮಾತಾಡಿಸಿ, ಅಂಕಪಟ್ಟಿ ತೆಗೆದು ಪರೀಕ್ಷಿಸಬಹುದಾದ ಮಾತು. ಹಾಗೆ ಪರೀಕ್ಷಿಸಿಯೂ ಆಗಿದೆ.

1986ರಲ್ಲಿ ಮನೋವೈದ್ಯೆ ನ್ಯಾನೆಟ್ ಗಾರ್ಟ್ರೆಲ್ ಅಮೆರಿಕದಲ್ಲಿ ಒಂದು ಅಧ್ಯಯನ ಶುರುಮಾಡಿದರು. ದಾನಿಯ ವೀರ್ಯದಿಂದ ಗರ್ಭ ಧರಿಸಿದ್ದ, ಇಲ್ಲವೇ ಅದಕ್ಕೆ ತಯಾರಾಗಿದ್ದ ಲೆಸ್ಬಿಯನ್ ಅಮ್ಮಂದಿರನ್ನು ಮಗು ಹುಟ್ಟುವ ಮೊದಲೇ ಸೇರಿಸಿಕೊಂಡು, ಮಕ್ಕಳನ್ನು ಬೆಳೆದು ದೊಡ್ಡವರಾಗುವ ತನಕ ಹಿಂಬಾಲಿಸಿದರು. ಆ ಮಕ್ಕಳು 17ಕ್ಕೆ ಬಂದಾಗ ನೋಡಿದ ಫಲಿತಾಂಶ 2010ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬಂತು. ಓದು, ಸ್ನೇಹ, ನಡವಳಿಕೆ ಯಾವುದರಲ್ಲೂ ಅವರು ಓರಗೆಯವರಿಗಿಂತ ಹಿಂದಿರಲಿಲ್ಲ. ಕೆಲವು ವಿಷಯಗಳಲ್ಲಿ ಮುಂದೇ ಇದ್ದರು.

ಇದಕ್ಕೆ ವಿರೋಧಿಗಳ ಆಕ್ಷೇಪ ಏನು? ತಾವಾಗಿಯೇ ಮುಂದೆ ಬಂದ ನೂರಕ್ಕೂ ಕಡಿಮೆ ಕುಟುಂಬಗಳು, ಅದರಲ್ಲೂ ಓದಿದವರೇ ಜಾಸ್ತಿ ಅಂತ. ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರ ನೆದರ್ಲೆಂಡ್ಸ್‌ನಿಂದ ಬಂತು. 2001ರಲ್ಲೇ ಸಲಿಂಗ ಮದುವೆಯನ್ನು ಕಾನೂನಾಗಿಸಿದ ಮೊದಲ ದೇಶ ಅದು. ಅಲ್ಲಿ ಸಂಶೋಧಕರು ಯಾರನ್ನೂ ಆರಿಸಿಕೊಳ್ಳಲಿಲ್ಲ, ಸರ್ಕಾರಿ ದಾಖಲೆಯನ್ನೇ ತೆರೆದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಲಿಂಗಿ ಪೋಷಕರ 2,971 ಮಕ್ಕಳಿದ್ದರು. ಹೋಲಿಸಲು ಹತ್ತು ಲಕ್ಷಕ್ಕೂ ಹೆಚ್ಚು ಬೇರೆ ಮಕ್ಕಳು. ಹುಟ್ಟಿದಂದಿನಿಂದ ಇಬ್ಬರು ಅಮ್ಮಂದಿರ ಅಥವಾ ಇಬ್ಬರು ಅಪ್ಪಂದಿರ ಜೊತೆ ಬೆಳೆದವರು ಶಾಲೆಯ ಪರೀಕ್ಷೆಗಳಲ್ಲಿ ಉಳಿದವರಿಗಿಂತ ಚೆನ್ನಾಗಿಯೇ ಮಾಡಿದ್ದರು. ಇಂಥ ಪೋಷಕರು ಸಾಮಾನ್ಯವಾಗಿ ಹೆಚ್ಚು ಓದಿದವರು, ಅನುಕೂಲಸ್ಥರು ಅನ್ನುವುದೂ ಇದಕ್ಕೆ ಒಂದು ಕಾರಣ. ಬಯಸಿ, ಕಾದು, ಖರ್ಚು ಮಾಡಿ ಪಡೆದ ಮಗು ಅಲ್ವಾ!

ಹಾಗಾದರೆ 'ಹಾಳಾಗುತ್ತಾರೆ' ಅನ್ನುವವರ ಕೈಯಲ್ಲಿ ಏನಿದೆ? ಅವರು ಮತ್ತೆ ಮತ್ತೆ ತೋರಿಸುವುದು ಟೆಕ್ಸಸ್‌ನ ಸಮಾಜಶಾಸ್ತ್ರಜ್ಞ ಮಾರ್ಕ್ ರೆಗ್ನೆರಸ್ 2012ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಅದಕ್ಕೆ ಹೆಚ್ಚಿನ ದುಡ್ಡು ಕೊಟ್ಟದ್ದು ವಿದರ್‌ಸ್ಪೂನ್ ಎಂಬ ಸಂಪ್ರದಾಯವಾದಿ ಸಂಸ್ಥೆ. ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು ಬಿಟ್ಟುಬಿಡೋಣ. ಲೆಕ್ಕ ಹೇಗೆ ಮಾಡಿದರು ನೋಡೋಣ.

ಅಮ್ಮನೋ ಅಪ್ಪನೋ ಯಾವತ್ತೋ ಒಮ್ಮೆ ಸಲಿಂಗ ಸಂಬಂಧದಲ್ಲಿದ್ದರು ಅಂತ ಹೇಳಿದವರನ್ನೆಲ್ಲ ಒಂದು ಗುಂಪಿಗೆ ಹಾಕಿದರು. ಇವರಲ್ಲಿ ಬಹಳ ಮಂದಿ ಹುಟ್ಟಿದ್ದು ಗಂಡ ಹೆಂಡತಿಯ ಮನೆಯಲ್ಲೇ. ಆಮೇಲೆ ಆ ಮದುವೆ ಮುರಿದು, ಮನೆ ಬದಲಾಗಿ, ಅತ್ತಿತ್ತ ಅಲೆದವರು. ಇಡೀ ಬಾಲ್ಯವನ್ನು ಇಬ್ಬರು ಅಮ್ಮಂದಿರ ಜೊತೆ ಕಳೆದವರು ಕೇವಲ ಇಬ್ಬರು. ಇನ್ನೊಂದು ಗುಂಪಿನಲ್ಲಿ ಇಟ್ಟದ್ದು ಹೆತ್ತವರು ಕೊನೆಯ ತನಕ ಬೇರೆಯಾಗದ ಮನೆಗಳ ಮಕ್ಕಳನ್ನು ಮಾತ್ರ. ನೆರೆ ನುಗ್ಗಿದ ಗದ್ದೆಯ ಫಸಲನ್ನು ನೆರೆ ಕಾಣದ ಗದ್ದೆಯ ಫಸಲಿನ ಪಕ್ಕ ಇಟ್ಟು, ತಪ್ಪು ಬಿತ್ತನೆ ಬೀಜದ್ದು ಅಂದ ಹಾಗಾಯಿತು.

ಮೂರು ವರ್ಷದ ಮೇಲೆ ಸಮಾಜಶಾಸ್ತ್ರಜ್ಞರಾದ ಸೈಮನ್ ಚೆಂಗ್ ಮತ್ತು ಬ್ರಯನ್ ಪೊವೆಲ್ ಅದೇ ದತ್ತಾಂಶವನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಅದರಲ್ಲಿ 25 ವರ್ಷದ ಒಬ್ಬ ಮನುಷ್ಯ ಸಿಕ್ಕಿದ. ಎತ್ತರ 7 ಅಡಿ 8 ಇಂಚು, ತೂಕ 88 ಪೌಂಡ್, ಅಂದರೆ ಸುಮಾರು 40 ಕೆಜಿ. ಎಂಟು ಮದುವೆ, ಎಂಟು ಮಕ್ಕಳು. ಇನ್ನೊಬ್ಬರನ್ನು ಒಂದು ವರ್ಷದ ವಯಸ್ಸಿನಲ್ಲೇ ಪೊಲೀಸರು ಬಂಧಿಸಿದ್ದರಂತೆ. ಬೇಕಾಬಿಟ್ಟಿ ಗುರುತು ಹಾಕಿದ ಇಂಥ ಉತ್ತರಗಳೂ 'ಸಲಿಂಗಿ ಪೋಷಕರ ಮಕ್ಕಳು' ಎಂಬ ಲೆಕ್ಕದಲ್ಲಿದ್ದವು. ಇಂಥವನ್ನು ತೆಗೆದು ಸರಿಯಾಗಿ ಹೋಲಿಸಿದಾಗ ಮೊದಲು ಕಂಡ ವ್ಯತ್ಯಾಸಗಳು ಹೆಚ್ಚುಕಮ್ಮಿ ಕರಗಿಹೋದವು. ರೆಗ್ನೆರಸ್ ಅವರ ಈ ಅಧ್ಯಯನದ ಬಲದಿಂದಲೇ ವಿರೋಧಿಗಳು ಸಾವಿರಾರು ಮನೆಗಳಿಗೆ 'ನಿಮ್ಮದು ಕುಟುಂಬವೇ ಅಲ್ಲ' ಅಂದಿದ್ದರು. ನನಗೆ ಸಿಟ್ಟು ಬರುವುದು ಅದಕ್ಕೆ.

'ತಾಯ್ತನ ಹೆಂಗಸಿಗೆ ಮಾತ್ರ ಹುಟ್ಟಿನಿಂದ ಬರುತ್ತದೆ' ಅನ್ನುವ ವಾದಕ್ಕೂ ಒಂದು ಉತ್ತರವಿದೆ. ಇಸ್ರೇಲ್‌ನ ರೂತ್ ಫೆಲ್ಡ್‌ಮನ್ ಅವರ ತಂಡ ಮೊದಲ ಬಾರಿ ಅಪ್ಪ ಅಮ್ಮ ಆದ 89 ಮಂದಿಯ ಮಿದುಳನ್ನು ಎಂಆರ್‌ಐ ಯಂತ್ರದಲ್ಲಿ ನೋಡಿತು. ತಮ್ಮ ಕೂಸಿನ ಜೊತೆ ತಾವು ಇರುವ ವಿಡಿಯೊವನ್ನು ಅವರಿಗೆ ತೋರಿಸಿದರು. ಮಗುವನ್ನು ಮುಖ್ಯವಾಗಿ ನೋಡಿಕೊಳ್ಳುವ ಅಮ್ಮಂದಿರಲ್ಲಿ ಅಮಿಗ್ಡಲಾ ಎಂಬ ಭಾಗ ಹೆಚ್ಚು ಚುರುಕಾಯಿತು. ಮಗುವಿನ ಸಣ್ಣ ಸದ್ದಿಗೂ ಎಚ್ಚರವಾಗುವ, ಅಪಾಯವನ್ನು ಮೊದಲೇ ಗ್ರಹಿಸುವ ಭಾಗ ಅದು. ಅಮ್ಮಂದಿರಿಗೆ ನೆರವಾಗುವ ಅಪ್ಪಂದಿರಲ್ಲಿ ಚುರುಕಾದದ್ದು ಇನ್ನೊಬ್ಬರ ಮನಸ್ಸು ಓದುವ ಭಾಗ. ಅಮ್ಮನಿಲ್ಲದ ಮನೆಯಲ್ಲಿ ಮಗು ಸಾಕುತ್ತಿದ್ದ ಸಲಿಂಗಿ ಅಪ್ಪಂದಿರಲ್ಲಿ ಎರಡೂ ಚುರುಕಾಗಿದ್ದವು, ಎರಡರ ನಡುವಿನ ಸಂಪರ್ಕವೂ ಗಟ್ಟಿಯಾಗಿತ್ತು. ಇನ್ನೂ ಒಂದು ವಿಷಯ. ಎಲ್ಲ ಅಪ್ಪಂದಿರಲ್ಲೂ, ಮಗುವಿನ ಆರೈಕೆಗೆ ಕೊಟ್ಟ ಸಮಯ ಹೆಚ್ಚಿದಷ್ಟೂ ಆ ಸಂಪರ್ಕ ಗಟ್ಟಿಯಾಗಿತ್ತು. ರಾತ್ರಿ ಎದ್ದು ಹಾಲು ಕುಡಿಸಿದವರ, ಕಕ್ಕ ತೊಳೆದವರ ಮಿದುಳು ಆ ಕೆಲಸಕ್ಕೆ ಒಗ್ಗಿಕೊಳ್ಳುತ್ತದೆ.

ಹಾಗಂತ ಈ ಮಕ್ಕಳಿಗೆ ಕಷ್ಟವೇ ಇಲ್ಲ ಅಂತಲ್ಲ. ಆಸ್ಟ್ರೇಲಿಯಾದಲ್ಲಿ ಇಂಥ 500 ಮಕ್ಕಳ ಬಗ್ಗೆ ನಡೆದ ಅಧ್ಯಯನ 2014ರಲ್ಲಿ ಬಂತು. ಒಟ್ಟಾರೆ ಮಕ್ಕಳು ಆರೋಗ್ಯವಾಗಿದ್ದರು, ಮನೆಯವರ ಹೊಂದಾಣಿಕೆಯೂ ಚೆನ್ನಾಗಿತ್ತು. ಆದರೆ ಹೊರಗಿನವರ ಕೊಂಕು, ಅವಮಾನ ಜಾಸ್ತಿ ಇದ್ದ ಕಡೆ ಮಕ್ಕಳ ಸ್ಥಿತಿ ಕೆಳಗಿಳಿದಿತ್ತು. ಗಾರ್ಟ್ರೆಲ್ ಕೂಡ ಇದನ್ನೇ ಕಂಡಿದ್ದರು. ಮಕ್ಕಳ ಹಿತ ಅಂತ ಹೊರಗೆ ನಿಂತು ಕೂಗುವವರೇ ಮಕ್ಕಳಿಗೆ ಕೊಡುವ ಪೆಟ್ಟು ಇದು.

ಕಾನೂನು ಕೊಡುವ ಪೆಟ್ಟು ಇನ್ನೊಂದು ಬಗೆಯದು. ಅಮೆರಿಕದ ಮಿಶಿಗನ್ ರಾಜ್ಯದ ಇಬ್ಬರು ನರ್ಸ್‌ಗಳು, ಏಪ್ರಿಲ್ ಡಿಬೋಯರ್ ಮತ್ತು ಜೇನ್ ರೌಸ್, ವಿಶೇಷ ಆರೈಕೆ ಬೇಕಾದ ಮಕ್ಕಳನ್ನೂ ಸಾಕುತ್ತಿದ್ದರು. ಮದುವೆಯಾಗದವರು ಜೊತೆಯಾಗಿ ದತ್ತು ಪಡೆಯುವಂತಿಲ್ಲ, ಮದುವೆಯಾಗಲು ಬಿಡುವುದಿಲ್ಲ. ಹಾಗಾಗಿ ಒಬ್ಬೊಬ್ಬರು ಬೇರೆ ಬೇರೆ ದತ್ತು ಪಡೆದಿದ್ದರು. ಒಬ್ಬರು ಸತ್ತರೆ ಅವರ ಹೆಸರಿನ ಮಗುವಿಗೆ ಇನ್ನೊಬ್ಬರು ಕಾನೂನಿನಲ್ಲಿ ಯಾರೂ ಅಲ್ಲ. ಅವರು ಕೋರ್ಟಿಗೆ ಹೋದರು. 2014ರ ವಿಚಾರಣೆಯಲ್ಲಿ ರಾಜ್ಯದ ಪರ ಸಾಕ್ಷಿಗೆ ಬಂದವರು ಇದೇ ರೆಗ್ನೆರಸ್. ಅವರ ಸಾಕ್ಷ್ಯ ಕಿಂಚಿತ್ತೂ ನಂಬುವಂಥದ್ದಲ್ಲ ಎಂದು ನ್ಯಾಯಾಧೀಶ ಬರ್ನಾರ್ಡ್ ಫ್ರೀಡ್‌ಮನ್ ಬರೆದರು. ಮರುವರ್ಷ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ದೇಶದಾದ್ಯಂತ ಸಲಿಂಗ ಮದುವೆಗೆ ಒಪ್ಪಿಗೆ ಕೊಟ್ಟಿತು. ಗಿಲ್ ಅದಕ್ಕೂ ಮೊದಲೇ, 2010ರಲ್ಲಿ, ಗೆದ್ದಿದ್ದರು. ಸಲಿಂಗಿಗಳೂ ಉಳಿದವರಷ್ಟೇ ಒಳ್ಳೆಯ ಪೋಷಕರು ಅಂತ ಆ ಪ್ರಕರಣದಲ್ಲಿ ಫ್ಲಾರಿಡಾ ಸರ್ಕಾರವೇ ಒಪ್ಪಿಕೊಂಡಿತ್ತು.

ಮಿಶಿಗನ್‌ನ ಆ ಗಂಟು ನಮ್ಮಲ್ಲಿ ಇನ್ನೂ ಬಿಚ್ಚಿಲ್ಲ. ಭಾರತದಲ್ಲಿ ಒಂಟಿ ವ್ಯಕ್ತಿ ದತ್ತು ಪಡೆಯಬಹುದು. ಜೊತೆಯಾಗಿ ಪಡೆಯಬೇಕಾದರೆ ಎರಡು ವರ್ಷದ ಸ್ಥಿರ ದಾಂಪತ್ಯ ಇರಬೇಕು, ಸಲಿಂಗಿಗಳಿಗೆ ಮದುವೆಯೇ ಇಲ್ಲ. ಹೀಗಾಗಿ ಇಬ್ಬರು ಸಾಕಿದ ಮಗುವಿಗೆ ಕಾಗದದಲ್ಲಿ ಒಬ್ಬರೇ. ಭಾರತೀಯ ಮನೋವೈದ್ಯರ ಸಂಘ 2023ರ ಏಪ್ರಿಲ್‌ನಲ್ಲೇ ಸಲಿಂಗಿಗಳ ಮದುವೆಯನ್ನೂ ದತ್ತು ಹಕ್ಕನ್ನೂ ಬೆಂಬಲಿಸಿತ್ತು. ಅದೇ ವರ್ಷದ ಅಕ್ಟೋಬರ್ 17ರಂದು, ಸಲಿಂಗ ಮದುವೆಯ ಪ್ರಕರಣದಲ್ಲಿ, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ಇಬ್ಬರು, ಚಂದ್ರಚೂಡ್ ಮತ್ತು ಕೌಲ್, ಮದುವೆಯಾಗದ ಜೋಡಿಗಳನ್ನು ಹೊರಗಿಡುವ ಈ ದತ್ತು ನಿಯಮ ಸಂವಿಧಾನಕ್ಕೆ ವಿರುದ್ಧ ಅಂದರು. ಉಳಿದ ಮೂವರು ಒಪ್ಪಲಿಲ್ಲ. ಮರುಪರಿಶೀಲನೆ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ಈಗ ಉಳಿದಿರುವ ದಾರಿ ಸಂಸತ್ತು. ಅಲ್ಲಿ ಯಾರಾದರೂ ಎದ್ದು ನಿಂತು 'ಮಕ್ಕಳ ಗತಿಯೇನು' ಅಂತ ಕೇಳಿದರೆ ಕೇಳಲಿ. ನಾಲ್ಕು ದಶಕದ ಉತ್ತರ ಸಿದ್ಧವಾಗಿದೆ.