ಓದುಗರ ಪ್ರಶ್ನೆ: ಕಾರವಾರ, ಶಿರಸಿ ಸುತ್ತೋಕೆ 50 ಎಂಎಂ ಲೆನ್ಸ್ ತಗೊಳ್ಳಲಾ?

ಪ್ರಶ್ನೆ: ನನ್ನ ಹತ್ರ ಕ್ಯಾನನ್ 1500ಡಿ ಇದೆ, ಜತೆಗೆ ಬಂದ 18-55 ಲೆನ್ಸ್ ಇದೆ. ಡಿಸೆಂಬರ್‌ನಲ್ಲಿ ಮನೆಯವರ ಜತೆ ಕಾರವಾರ, ಗೋಕರ್ಣ, ಮುರ್ಡೇಶ್ವರ ನೋಡ್ಕೊಂಡು ಘಟ್ಟ ಹತ್ತಿ ಶಿರಸಿಗೆ ಹೋಗೋಣ ಅಂತಿದೀವಿ. ಹತ್ತು-ಹನ್ನೆರಡು ಸಾವಿರದೊಳಗೆ ಒಂದು ಲೆನ್ಸ್ ತಗೋಬೇಕು. ಎಲ್ಲರೂ 50 ಎಂಎಂ ತಗೋ ಅಂತಾರೆ. ತಗೊಳ್ಳಲಾ ಸಾರ್?

ಉತ್ತರ: ಈ ಪ್ರವಾಸಕ್ಕೆ ಬೇಡ.

ರಜೆ ಹತ್ತಿರ ಬಂತೆಂದರೆ ಇದೇ ಪ್ರಶ್ನೆ. ಕೇಳುವವರ ಹೆಸರು, ಕ್ಯಾಮೆರಾ ಮಾತ್ರ ಬೇರೆ ಬೇರೆ. ಒಂದು ಸಾಲಿನಲ್ಲಿ "ಬೇಡ" ಎಂದರೆ ಯಾರೂ ಒಪ್ಪುವುದಿಲ್ಲ. ಆದ್ದರಿಂದ ಈ ಸಲ ಲೆಕ್ಕ ಸಮೇತ ಬರೆಯುತ್ತಿದ್ದೇನೆ.

50 ಎಂಎಂ ಎಫ್ 1.8 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಒಳಬಿಡುವ ಬೆಳಕು ಹೆಚ್ಚು) ಕೆಟ್ಟ ಲೆನ್ಸ್ ಅಲ್ಲ. ಕ್ಯಾನನ್‌ನ ಎಸ್‌ಟಿಎಂ ಮಾದರಿ (ಫೋಕಸ್ ಮಾಡಲು ಸ್ಟೆಪ್ಪಿಂಗ್ ಮೋಟರ್ ಇರುವಂಥದ್ದು) ತೂಗುವುದೇ 160 ಗ್ರಾಂ, ಕೊಟ್ಟ ದುಡ್ಡಿಗೆ ಅಷ್ಟು ಚೊಕ್ಕವಾಗಿ ಚಿತ್ರ ಮೂಡಿಸುವ ಲೆನ್ಸ್ ಸಿಗುವುದು ಕಷ್ಟ. ನನ್ನ ತಕರಾರು ಇರುವುದು ಅದಕ್ಕೆ ಅಂಟಿಕೊಂಡ ಮಾತಿನ ಮೇಲೆ: "50 ಅಂದ್ರೆ ಮನುಷ್ಯನ ಕಣ್ಣಿದ್ದ ಹಾಗೆ, ಕಣ್ಣಿಗೆ ಕಂಡಷ್ಟೂ ಫೋಟೋದಲ್ಲಿ ಬರುತ್ತೆ."

ಈ ಮಾತು ಫಿಲ್ಮ್ ಕಾಲದ್ದು. ಆಗಿನ ಫ್ರೇಮಿನ ಅಳತೆ 36 × 24 ಮಿ.ಮೀ., ಮೂಲೆಯಿಂದ ಮೂಲೆಗೆ ಸುಮಾರು 43 ಮಿ.ಮೀ. ಈ ಕರ್ಣದ ಆಸುಪಾಸಿನ ಲೆನ್ಸಿಗೆ ನಾರ್ಮಲ್ ಲೆನ್ಸ್ ಎನ್ನುತ್ತಿದ್ದರು. 50 ಅದಕ್ಕೆ ಹತ್ತಿರವಿತ್ತು, ಕಡಿಮೆ ಖರ್ಚಿನಲ್ಲಿ ಚೆನ್ನಾಗಿ ಮಾಡಬಹುದಿತ್ತು, ಹಾಗಾಗಿ ಕ್ಯಾಮೆರಾ ಜತೆಗೇ ಬರುತ್ತಿತ್ತು. ನಿಮ್ಮ 1500ಡಿಯಲ್ಲಿ ಫಿಲ್ಮಿನ ಬದಲು ಚಿತ್ರ ಹಿಡಿಯುವ ಸೆನ್ಸರ್ 22.3 × 14.9 ಮಿ.ಮೀ. ಅದರ ಕರ್ಣ 27 ಮಿ.ಮೀ.ಯೂ ಇಲ್ಲ. ಅದರಲ್ಲಿ ನಾರ್ಮಲ್ ಎನಿಸಿಕೊಳ್ಳಬೇಕಾದ್ದು 24ರಿಂದ 28ರ ಲೆನ್ಸ್. 50 ಹಾಕಿದರೆ ಸಿಗುವುದು ಫಿಲ್ಮ್ ಕ್ಯಾಮೆರಾದಲ್ಲಿ 80 ಎಂಎಂ ಕೊಡುತ್ತಿದ್ದ ನೋಟ. ಅದು ಒಬ್ಬರ ಮುಖ ತೆಗೆಯುವ ಲೆನ್ಸ್.

ಲೆಕ್ಕ ಸುಲಭ. ನಿಮಗೂ ವಸ್ತುವಿಗೂ ಇರುವ ದೂರವನ್ನು ಸೆನ್ಸರಿನ ಅಗಲದಿಂದ ಗುಣಿಸಿ, ಲೆನ್ಸಿನ ಎಂಎಂನಿಂದ ಭಾಗಿಸಿ. ಬರುವ ಉತ್ತರವೇ ಫೋಟೋದಲ್ಲಿ ಹಿಡಿಸುವ ಅಗಲ. ಗೋಕರ್ಣದ ರಥಬೀದಿಯ ಈ ಜಗುಲಿಯಿಂದ ಆ ಬದಿಯ ಮನೆಗೆ ಎಂಟು ಮೀಟರ್ ಅಂತರ ಸಿಕ್ಕಿತು ಎಂದಿಟ್ಟುಕೊಳ್ಳಿ. 50ರಲ್ಲಿ ಬರುವುದು ಮೂರೂವರೆ ಮೀಟರ್ ಅಗಲ: ಒಂದು ಬಾಗಿಲು, ಒಂದು ಕಿಟಕಿ. 24ರಲ್ಲಿ ಏಳು ಮೀಟರ್ ದಾಟುತ್ತದೆ. ಕ್ಯಾಮೆರಾ ಜತೆ ಬಂದ ನಿಮ್ಮ 18-55 ಕಿಟ್ ಲೆನ್ಸನ್ನು 18ಕ್ಕೆ ತಿರುಗಿಸಿದರೆ ಹತ್ತಿರ ಹತ್ತಿರ ಹತ್ತು ಮೀಟರ್. ಇಡೀ ಮನೆ, ಜಗುಲಿ, ಮುಂದೆ ಹೂ ಮಾರುವವರು ಎಲ್ಲ ಬರುತ್ತದೆ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿರುವ ಚಾಪೆಲ್ ಯುದ್ಧನೌಕೆಯ ಉದ್ದ ಸುಮಾರು 39 ಮೀಟರ್. 50ರಲ್ಲಿ ಅದು ಪೂರ್ತಿ ಹಿಡಿಸಬೇಕಾದರೆ 87 ಮೀಟರ್ ಹಿಂದೆ ಸರಿಯಬೇಕು. ಅಷ್ಟು ದೂರ ಹೋದರೆ ನಡುವೆ ಗಾಳಿಮರ, ಗಾಡಿ, ಜನ. 18ರಲ್ಲಿ 32 ಮೀಟರ್ ಸಾಕು. ಮುರ್ಡೇಶ್ವರದ ರಾಜಗೋಪುರ ಸುಮಾರು 237 ಅಡಿ, ಅಂದರೆ 72 ಮೀಟರ್. ಕ್ಯಾಮೆರಾ ಉದ್ದುದ್ದ ಹಿಡಿದು ಮೇಲಕ್ಕೆ ಓರೆ ಮಾಡಿ ತೆಗೆದರೂ 50ಕ್ಕೆ 150 ಮೀಟರ್ ದೂರ ಬೇಕು, 18ಕ್ಕೆ 36 ಮೀಟರ್. ಹಾಗೆ ಓರೆ ಮಾಡಿದಾಗ ಗೋಪುರ ಹಿಂದಕ್ಕೆ ವಾಲಿದಂತೆ ಕಾಣುತ್ತದೆ, ಅದನ್ನು ಆಮೇಲೆ ಮೊಬೈಲಿನಲ್ಲೇ ನೇರ ಮಾಡಬಹುದು. ಹಿಡಿಸದೇ ಹೋದ ಕಲಶವನ್ನು ಯಾವ ಆ್ಯಪ್ ತಂದುಕೊಟ್ಟೀತು?

ಇಷ್ಟು ಹೇಳಿದ ಮೇಲೂ ಒಂದು ವಾದ ಬರುತ್ತದೆ: "ಎರಡೂ ಕಣ್ಣು ತೆರೆದು ವ್ಯೂಫೈಂಡರ್ ನೋಡಿ, 50ರಲ್ಲಿ ಎರಡು ಕಡೆಯೂ ವಸ್ತು ಹೆಚ್ಚುಕಡಿಮೆ ಒಂದೇ ಗಾತ್ರ ಕಾಣುತ್ತೆ." ಕಾಣುತ್ತದೆ, ನಿಜ. ಅದು ವ್ಯೂಫೈಂಡರಿನ ಹಿಗ್ಗಿಸುವ ಗಾಜಿನ ಗುಣ. 1500ಡಿಯಲ್ಲಿ ಅದರ ಪ್ರಮಾಣ 0.8, ಅಂದರೆ 50 ಹಾಕಿದಾಗ ವಸ್ತು ಬರಿಗಣ್ಣಿಗೆ ಕಂಡದ್ದರ 0.8 ಪಟ್ಟು ಕಾಣುತ್ತದೆ. ಆ ಗಾಜು ಬದಲಾಯಿಸಿದರೆ ಹೊಂದುವ ಎಂಎಂ ಕೂಡ ಬದಲಾಗುತ್ತದೆ. ಫೋಟೋದಲ್ಲಿ ಎಷ್ಟು ಅಗಲ ಬರುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇನ್ನು ಮುಖದ ಮೂಗು ದಪ್ಪ ಬರುವುದು, ಹಿಂದಿನ ಗುಡ್ಡ ಚಿಕ್ಕದಾಗುವುದು ನೀವು ಎಷ್ಟು ಹತ್ತಿರ ನಿಂತಿದ್ದೀರಿ ಎಂಬುದರಿಂದ. ಲೆನ್ಸ್ ಅದನ್ನು ಕತ್ತರಿಸಿ ತೋರಿಸುತ್ತದೆ, ಅಷ್ಟೆ.

"ಆದರೂ ಗುಡಿಯೊಳಗೆ ಕತ್ತಲು, 1.8 ಬೇಕೇ ಬೇಕಲ್ಲ?" ಇದಕ್ಕೂ ಲೆಕ್ಕವಿದೆ. ನಿಮ್ಮ ಕಿಟ್ ಲೆನ್ಸಿನ ಮೇಲೆ ಐಎಸ್ ಎಂದು ಬರೆದಿದೆಯೇ ನೋಡಿ. ಬರೆದಿದ್ದರೆ ಕೈ ನಡುಕವನ್ನು ಅದು ತಡೆಯುತ್ತದೆ, 18ರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದ ಶಟರಿನಲ್ಲೂ ಚಿತ್ರ ಅಲುಗದಂತೆ ತೆಗೆಯಬಹುದು. 50 ಎಸ್‌ಟಿಎಂನಲ್ಲಿ ಐಎಸ್ ಇಲ್ಲ, 1/80ಕ್ಕಿಂತ ಇಳಿದರೆ ಅಲುಗುತ್ತದೆ. ಎಫ್ 3.5ಕ್ಕಿಂತ ಎಫ್ 1.8 ಸುಮಾರು ನಾಲ್ಕು ಪಟ್ಟು ಬೆಳಕು ಬಿಡುತ್ತದೆ ಸರಿ, ಆದರೆ 1/10 ಸೆಕೆಂಡು 1/80ರ ಎಂಟು ಪಟ್ಟು. ಕೊನೆಗೆ ಕಿಟ್ ಲೆನ್ಸಿಗೇ ಎರಡು ಪಟ್ಟು ಬೆಳಕು ಹೆಚ್ಚು ಸಿಕ್ಕಿತು. ಶಿರಸಿಯ ಮಾರಿಕಾಂಬಾ ಗುಡಿಯ ಕಾವಿ ಚಿತ್ರಗಳಾಗಲಿ, ಬನವಾಸಿ ಮಧುಕೇಶ್ವರನ ಕಂಬಗಳಾಗಲಿ ನಿಂತಲ್ಲೇ ನಿಂತಿರುತ್ತವೆ. ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಬಿಟ್ಟು, ಸಾಲಾಗಿ ಮೂರು ತೆಗೆಯಿರಿ. ಒಂದಾದರೂ ಚೊಕ್ಕ ಬರುತ್ತದೆ. ತೆಗೆಯುವ ಮೊದಲು ಅಲ್ಲಿಯವರನ್ನು ಕೇಳಿ, ಗರ್ಭಗುಡಿಯತ್ತ ಕ್ಯಾಮೆರಾ ಎತ್ತಬೇಡಿ. ಅರ್ಗಾದ ನೌಕಾನೆಲೆಯ ಕಡೆಗಂತೂ ಯಾವ ಲೆನ್ಸೂ ಬೇಡ.

ಅಲುಗಾಡುವ ವಸ್ತುವಿಗೆ 1.8 ಬೇಕು, ಒಪ್ಪುತ್ತೇನೆ. ರಾತ್ರಿ ಯಕ್ಷಗಾನದ ಆಟಕ್ಕೆ ಮುಂದಿನ ಸಾಲಿನಲ್ಲಿ ಕೂತವರಿಗೆ, ಮಗುವಿನ ಮುಖ ತೆಗೆಯುವವರಿಗೆ 50 ಹೇಳಿ ಮಾಡಿಸಿದ ಲೆನ್ಸ್. ನೀವು ಕೇಳಿದ್ದು ಊರು ನೋಡುವ ಪ್ರವಾಸಕ್ಕೆ.

ಹಾಗಾದರೆ ಏನು ಕೊಳ್ಳಬೇಕು? ಮೊದಲು ಏನೂ ಕೊಳ್ಳದೆ ಒಂದು ಕೆಲಸ ಮಾಡಿ. ಹಳೆಯ ಪ್ರವಾಸದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತೆರೆದು, ಪ್ರಾಪರ್ಟೀಸ್‌ನ ಡಿಟೇಲ್ಸ್‌ನಲ್ಲಿ ಫೋಕಲ್ ಲೆಂತ್ (ಲೆನ್ಸಿನ ಎಂಎಂ) ನೋಡುತ್ತಾ ಹೋಗಿ. ಹೆಚ್ಚಿನವು 18ರಲ್ಲೇ ಇದ್ದರೆ ನಿಮಗೆ ಅಗಲ ಸಾಲುತ್ತಿಲ್ಲ, ಸೆಕೆಂಡ್ ಹ್ಯಾಂಡ್ 10-18 ಎಸ್‌ಟಿಎಂ ಹುಡುಕಿ. 240 ಗ್ರಾಂ ಅಷ್ಟೇ, ಐಎಸ್ ಕೂಡ ಇದೆ. 24-35ರ ನಡುವೆ ಇದ್ದರೆ 24 ಎಂಎಂ ಎಫ್ 2.8 ಎಸ್‌ಟಿಎಂ: 125 ಗ್ರಾಂ, ಬಿಲ್ಲೆಯಷ್ಟು ತೆಳು, 16 ಸೆಂ.ಮೀ.ವರೆಗೆ ಹತ್ತಿರ ಹೋಗುತ್ತದೆ, ಊಟದ ಬಾಳೆಲೆಗೂ ಆಯಿತು. ನಿಕಾನ್‌ನವರಿಗೆ 35 ಎಂಎಂ ಎಫ್ 1.8 ಡಿಎಕ್ಸ್. ನಿಕಾನ್‌ನಲ್ಲಿ ಎರಡು ಕಡೆ ಮೋಸ ಹೋಗುತ್ತಾರೆ: ಹಳೆಯ ಎಎಫ್-ಡಿ ಲೆನ್ಸುಗಳು ಡಿ3000, ಡಿ5000 ಸರಣಿಗಳಲ್ಲಿ ತಾವಾಗಿ ಫೋಕಸ್ ಆಗುವುದಿಲ್ಲ, ಎಎಫ್-ಪಿ ಲೆನ್ಸುಗಳು ಡಿ3200, ಡಿ5100ನಂಥ ಹಳೆಯ ಬಾಡಿಗಳಲ್ಲಿ ಫೋಕಸ್ಸೇ ಆಗುವುದಿಲ್ಲ, ಕೈಯಲ್ಲಿ ತಿರುಗಿಸಿದರೂ.

ಯಾಣದ ಭೈರವೇಶ್ವರ ಶಿಖರ 120 ಮೀಟರ್, ಬುಡದಲ್ಲಿ ಹಿಂದೆ ಸರಿಯಲು ಜಾಗವಿಲ್ಲ. ಅಲ್ಲಿ ಹೊಸ ಲೆನ್ಸಿಗಿಂತ ಫೋಟೋ ಜೋಡಿಸುವುದೇ ಅಗ್ಗ. ಮ್ಯಾನ್ಯುಯಲ್ ಮೋಡ್, ವೈಟ್ ಬ್ಯಾಲೆನ್ಸ್ ಒಂದೇ ಕಡೆ ನಿಲ್ಲಿಸಿ, ಕ್ಯಾಮೆರಾ ಅಡ್ಡ ಹಿಡಿದು ಬುಡದಿಂದ ತುದಿಯವರೆಗೆ ನಾಲ್ಕೈದು ತೆಗೆಯಿರಿ, ಒಂದರ ಮೂರನೇ ಒಂದು ಭಾಗ ಮುಂದಿನದರಲ್ಲೂ ಬರಲಿ, ಆಮೇಲೆ ಕಂಪ್ಯೂಟರಿನಲ್ಲಿ ಒಂದೇ ಚಿತ್ರವಾಗಿ ಜೋಡಿಸಬಹುದು.

ಉಳಿದ ದುಡ್ಡಿನಲ್ಲಿ ಪೋಲರೈಸರ್ ಫಿಲ್ಟರ್ ತಗೊಳ್ಳಿ. ನಿಮ್ಮ ಕಿಟ್ ಲೆನ್ಸಿಗೆ 58 ಎಂಎಂನದು. ಸಹಸ್ರಲಿಂಗದಲ್ಲಿ ಶಾಲ್ಮಲೆಯ ನೀರನ್ನು ಓರೆಯಿಂದ ನೋಡುತ್ತಾ ಫಿಲ್ಟರ್ ತಿರುಗಿಸಿದರೆ ಮೇಲಿನ ಹೊಳಪು ಹೋಗಿ, ತಿಳಿನೀರಿನೊಳಗಿನ ಲಿಂಗಗಳು ಎದ್ದು ಕಾಣುತ್ತವೆ. ಗುಡಿಯೊಳಗೆ ಹೋಗುವಾಗ ಬಿಚ್ಚಿಡಿ, ಅರ್ಧಕ್ಕಿಂತ ಹೆಚ್ಚು ಬೆಳಕು ತಿನ್ನುತ್ತದೆ.

ಸೆಕೆಂಡ್ ಹ್ಯಾಂಡ್ ಎಂದೆನಲ್ಲ, ಅದರ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಬೇಕಾದ್ದು ಅದೇ. ಕರಾವಳಿ, ಮಲೆನಾಡಿನಲ್ಲಿ ಮೂರು ಮಳೆಗಾಲ ಬ್ಯಾಗಿನಲ್ಲೇ ಕಳೆದ ಲೆನ್ಸಿಗೆ ಫಂಗಸ್ ಹಿಡಿದಿರುತ್ತದೆ. ಅಟ್ಟದ ಮೇಲಿನ ಅಡಿಕೆಗೆ ಬೂಷ್ಟು ಬಂದ ಹಾಗೆಯೇ. ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಅಂಚಿನಿಂದ ಒಳಗೆ ಜೇಡನ ಎಳೆಯಂತೆ ಕವಲೊಡೆದು ಬಂದಿದ್ದರೆ ಫಂಗಸ್, ಬಿಟ್ಟುಬಿಡಿ. ಒಂದೆರಡು ಧೂಳಿನ ಕಣಕ್ಕೆ ಹೆದರಬೇಡಿ. ಮುಂದಿನ ಗಾಜಿನ ಸಣ್ಣ ಗೀರು ನಡೆಯುತ್ತದೆ, ಹಿಂದಿನ ಗಾಜಿನದು ನಡೆಯುವುದಿಲ್ಲ.

ನಿಮ್ಮದನ್ನು ಉಳಿಸಿಕೊಳ್ಳಲು ರಬ್ಬರ್ ಅಂಚಿನ ಏರ್‌ಟೈಟ್ ಡಬ್ಬಿ, 200 ಗ್ರಾಂ ಸಿಲಿಕಾ ಜೆಲ್, ಒಂದು ಚಿಕ್ಕ ತೇವಾಂಶ ಮೀಟರ್ ಸಾಕು. ಮುಳ್ಳು ಶೇಕಡಾ 40-50ರ ನಡುವೆ ಇರಲಿ. ಅಕ್ಕಿ ಹಾಕಬೇಡಿ, ಹುಡಿ ಒಳಗೆ ಸೇರುತ್ತದೆ. ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ತೇವ ಹೀರಿದ ಮೇಲೆ ಮತ್ತೆ ಒಣಗಿಸಲು ಅದನ್ನು ಅಡುಗೆ ಬಾಣಲೆಯಲ್ಲಿ ಹುರಿಯಬಾರದು. ಕಡಲ ಬದಿಯಿಂದ ಬಂದ ರಾತ್ರಿ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಹೊರಮೈ ಒರೆಸಿ, ಒಣಬಟ್ಟೆ ಆಡಿಸಿ, ಆಮೇಲೆ ಬ್ಯಾಗಿಗೆ ಹಾಕಿ. ಲಾಡ್ಜಿನ ಎಸಿ ಕೋಣೆಯಿಂದ ಬೆಳಗ್ಗೆ ಹೊರಡುವಾಗ ಬ್ಯಾಗಿನ ಜಿಪ್ ಹಾಕಿಯೇ ಇರಲಿ, ಹೊರಗೆ ಅರ್ಧ ಗಂಟೆ ಕಳೆದ ಮೇಲೆ ತೆರೆಯಿರಿ. ಮೊದಲೇ ತೆರೆದರೆ ಗಾಜಿಗೆ ಮಂಜು ಕವಿಯುತ್ತದೆ.