ಹಾಲ್‌ನಲ್ಲಿ ಬಿದ್ದು ಬಿದ್ದು ನಕ್ಕರು, ರೆಕಾರ್ಡಿಂಗ್‌ನಲ್ಲಿ ಆ ನಗು ಎಲ್ಲಿ?

ಪ್ರಶ್ನೆ: ದಾವಣಗೆರೆಯ ಕಲ್ಯಾಣ ಮಂಟಪವೊಂದರಲ್ಲಿ ಸ್ಟ್ಯಾಂಡ್‌ಅಪ್ ಶೋ ಮಾಡಿದೆವು. ಆಲ್ಬಂ ತರೋಣ ಅಂತ ಮಿಕ್ಸರ್‌ನಿಂದಲೇ ರೆಕಾರ್ಡ್ ಮಾಡಿಕೊಂಡೆವು. ಮಾತು ಸ್ಪಷ್ಟವಾಗಿದೆ, ಆದರೆ ನಗು ಪಕ್ಕದ ಬೀದಿಯಲ್ಲಿ ಯಾರೋ ನಕ್ಕ ಹಾಗಿದೆ. ಏಕೆ?

ಉತ್ತರ: ಮೈಕ್ ಕೆಟ್ಟಿಲ್ಲ. ಕೈಯಲ್ಲಿ ಹಿಡಿಯುವ ಡೈನಾಮಿಕ್ ಮೈಕ್ ಬಾಯಿಯ ದನಿ ಹಿಡಿದು, ತನ್ನ ಬೆನ್ನ ಕಡೆಯ ಸದ್ದನ್ನು ಆದಷ್ಟು ಬಿಡುತ್ತದೆ. ಕಲಾವಿದರು ಜನರತ್ತ ತಿರುಗಿ ನಿಂತರೆ ಮೈಕಿನ ಬೆನ್ನು ಜನರ ಕಡೆಗೇ. ಮಿಕ್ಸರ್‌ಗೆ ಬಂದದ್ದು ಅಷ್ಟೇ.

ಆದದ್ದನ್ನು ಉಳಿಸಿಕೊಳ್ಳಲು ದಾರಿಯಿದೆ. ನಡುಸಾಲಿನಲ್ಲಿ ಕೂತು ವಿಡಿಯೊ ಮಾಡಿದವರ ಫೋನ್ ಹುಡುಕಿ; ನಗು ಅದರಲ್ಲಿರುತ್ತದೆ. ಅದನ್ನು ಮಿಕ್ಸರ್ ಟ್ರ್ಯಾಕ್‌ನ ಕೆಳಗಿಟ್ಟು, ಒಂದು ಚಪ್ಪಾಳೆಗೆ ಹೊಂದಿಸಿ, ನಗು ಬಂದಲ್ಲಿ ಮಾತ್ರ ಮೇಲೆತ್ತಿ. ಎರಡು ಉಪಕರಣಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ಗಂಟೆಯ ರೆಕಾರ್ಡಿಂಗ್ ಕೊನೆಗೆ ಜಾರಿರುತ್ತದೆ, ಹಾಗಾಗಿ ಹತ್ತು ನಿಮಿಷಕ್ಕೊಮ್ಮೆ ತುಂಡು ಮಾಡಿ ಮತ್ತೆ ಹೊಂದಿಸಿ. ರೆಡಿಮೇಡ್ ನಗು ಅಂಟಿಸುವುದು ಮಾತ್ರ ಬೇಡ. ಮಿರ್ಚಿ-ಮಂಡಕ್ಕಿ ಜೋಕಿಗೆ ಹಿಂದಿನ ಸಾಲಿನಿಂದ ಬಂದ ಸಿಳ್ಳೆ, 'ಏ ಸಾಕು ಬಿಡಪ್ಪಾ' ಅನ್ನುವ ಕೂಗು ಅದರಲ್ಲಿ ಎಲ್ಲಿ ಸಿಗಬೇಕು?

ಮುಂದಿನ ಸಲ ಸೌಂಡ್ ಸರ್ವಿಸ್‌ನವರಿಗೆ ಮೊದಲೇ ಹೇಳಿ, ಎರಡು ಕಂಡೆನ್ಸರ್ ಮೈಕ್ (ದೂರದ ಸದ್ದನ್ನೂ ಹಿಡಿಯುವ ಸೂಕ್ಷ್ಮ ಮೈಕ್) ಬೇಕು, ಅವಕ್ಕೆ ಮಿಕ್ಸರ್ ಕೇಬಲ್ ಮೂಲಕವೇ ಕೊಡುವ 48 ವೋಲ್ಟ್ ವಿದ್ಯುತ್, ಅಂದರೆ ಫ್ಯಾಂಟಮ್ ಪವರ್, ಆನ್ ಇರಬೇಕು ಅಂತ. ವೇದಿಕೆಯ ಎರಡೂ ಮೂಲೆಯಲ್ಲಿ ಆಳೆತ್ತರದ ಸ್ಟ್ಯಾಂಡ್ ಮೇಲಿಟ್ಟು ಜನರತ್ತ ತಿರುಗಿಸಿ. ಸ್ಪೀಕರ್ ಅವುಗಳ ಎದುರಿಗೆ ಬರಬಾರದು, ತಲೆಯ ಮೇಲಿನ ಫ್ಯಾನ್ ಗಾಳಿಯೂ ಬಡಿಯಬಾರದು. ಹಾಲ್‌ನ ನಡುವೆ ತೂಗುಹಾಕಿದರೆ ಇನ್ನೊಂದು ತಾಪತ್ರಯ: ಹತ್ತು ಮೀಟರ್ ದೂರ ಕ್ರಮಿಸಲು ಸದ್ದಿಗೆ ಸುಮಾರು 29 ಮಿಲಿಸೆಕೆಂಡ್ ಬೇಕು. ಮಾತು ಎರಡೆರಡು ಸಲ ಬಿದ್ದು, ಬಾವಿಯೊಳಗಿಂದ ಮಾತಾಡಿದಂತೆ ಕೇಳುತ್ತದೆ. ಆ ಟ್ರ್ಯಾಕನ್ನು ಅಷ್ಟೇ ಮೊದಲು ಬರುವಂತೆ ಸರಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಕೈಮೈಕೂ ಸೇರಿ ಮೂರೂ ಮೈಕ್ ಬೇರೆಬೇರೆ ಟ್ರ್ಯಾಕ್‌ನಲ್ಲಿ, ರೆಕಾರ್ಡಿಂಗ್ ಗುಣಮಟ್ಟ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿರಲಿ. ಜನರತ್ತ ತಿರುಗಿದ ಮೈಕುಗಳ ಗೇನ್ (ಸದ್ದನ್ನು ಎಷ್ಟು ಹಿಗ್ಗಿಸಬೇಕೆಂಬ ಮಟ್ಟ) ಹೊಂದಿಸುವಾಗ ಮಾತನ್ನಲ್ಲ, ಜೋರು ಚಪ್ಪಾಳೆಯನ್ನು ನೋಡಿ. ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲೇ ನಿಲ್ಲಲಿ. ಇಲ್ಲದಿದ್ದರೆ ಶೋದ ದೊಡ್ಡ ನಗುವೇ ಒಡೆಯುತ್ತದೆ, ಒಡೆದದ್ದನ್ನು ಆಮೇಲೆ ಸರಿಮಾಡುವುದು ಕಷ್ಟ. ಫ್ಯಾನಿನ ಗುಂಯ್ ಸದ್ದಿಗೆ 100 ಹರ್ಟ್ಸ್ ಕೆಳಗಿನ ತಗ್ಗು ಸದ್ದನ್ನು ಕತ್ತರಿಸಿ.

ಸಾಧ್ಯವಾದರೆ ಅದೇ ಸೆಟ್ಟನ್ನು ಅದೇ ಹಾಲ್‌ನಲ್ಲಿ ಎರಡು ಶೋ ಮಾಡಿ. ಒಂದರಲ್ಲಿ ತೊದಲಿದ ಸಾಲನ್ನು ಇನ್ನೊಂದರಿಂದ ತರಬಹುದು. ಆದರೆ ನಗು ಏರುತ್ತಿರುವಾಗ ಕತ್ತರಿ ಹಾಕಬೇಡಿ, ಇಳಿಯುತ್ತಿರುವಾಗ ಹಾಕಿ.