ಹಳೆ ಗಾಲಿಗೆ ಹೊಸ ಹಳಿ ಜಾಗ ಕೊಡಬೇಕು

ಹೋದ ತಿಂಗಳು ಶಿವಮೊಗ್ಗದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುವ ಮಕ್ಕಳ ಜೊತೆ ಮಾತಾಡಲು ಕರೆದಿದ್ದರು. ಹಳಿ ಹಾಕಿಸುವುದು, ಹಾಕಿದ ಹಳಿ ಕಾಯುವುದು, ನನ್ನ ಇಡೀ ನೌಕರಿ ಅದರಲ್ಲೇ ಕಳೆದಿದೆ. ಮಾತು ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾರ್, ಮುಂದೆ ಯಾವಾಗಲೋ ನಮ್ಮೂರಿಗೆ ಟ್ರಾಮ್ ಬಂತು ಅಂದ್ಕೊಳ್ಳಿ. ತಾಳಗುಪ್ಪ ಲೈನಲ್ಲಿ ಓಡ್ತಿತ್ತಲ್ಲ, ಆ ಥರದ ಹಳೆ ಮೀಟರ್ ಗೇಜ್ ಗಾಡೀನ ಟ್ರಾಮ್ ಹಳಿ ಮೇಲೆ ನೆಹರೂ ರಸ್ತೆ ತನಕ ತರಬಹುದಾ? ಎರಡೂ ಹಳೀನೇ ತಾನೆ, ಕೂಡಿಸಿದ್ರೆ ಆಯ್ತಲ್ವಾ?"

ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಗಲ, ಮೀಟರ್ ಗೇಜಿನಲ್ಲಿ ಅದು ಒಂದು ಮೀಟರ್. ಆಯ್ತು ಅನ್ನಲು ಬಾಯಿ ಬರಲಿಲ್ಲ. ಆಗಲ್ಲ ಅನ್ನಲು ಮನಸ್ಸು ಬರಲಿಲ್ಲ. ಮುಂದಿನ ಭಾನುವಾರ ಅವಳನ್ನೂ ಅವಳ ಮೂರು ಜನ ಗೆಳೆಯರನ್ನೂ ಕುಂಸಿ ಕಡೆಯ ಒಂದು ರೈಲ್ವೆ ಗೇಟಿಗೆ ಕರೆದುಕೊಂಡು ಹೋದೆ. ಟ್ರಾಮ್ ಹಳಿ ಹೇಗಿರುತ್ತದೆ ಅಂತ ಮಲೆನಾಡಿನಲ್ಲಿ ಇದ್ದುಕೊಂಡೇ ನೋಡಬೇಕಾದರೆ ಗೇಟಿಗಿಂತ ಒಳ್ಳೆ ಜಾಗ ಇಲ್ಲ. ಅಲ್ಲಿ ಹಳಿ ರಸ್ತೆಯೊಳಗೆ ಹೂತಿರುತ್ತದೆ. ಹಳಿಯ ಒಳಬದಿಗೆ ಇನ್ನೊಂದು ಹಳಿ, ಅದು ಚೆಕ್ ರೈಲು. ಎರಡರ ನಡುವೆ ಒಂದು ಸಂದು. ಗಾಲಿಯ ಒಳ ಅಂಚಿನಲ್ಲಿ ತುಟಿಯ ಹಾಗೆ ಕೆಳಗಿಳಿದಿರುತ್ತದಲ್ಲ, ಅದೇ ಫ್ಲ್ಯಾಂಜ್. ಅದು ಓಡುವುದು ಈ ಸಂದಿನಲ್ಲಿ. ಊರೊಳಗಿನ ಟ್ರಾಮ್ ಹಳಿಯಲ್ಲಿ ಈ ಸಂದು ಹಳಿಯ ತಲೆಯಲ್ಲೇ ಕೊರೆದ ಹಾಗಿರುತ್ತದೆ, ಲೈನ್ ಇರುವ ಅಷ್ಟುದ್ದಕ್ಕೂ.

ಹುಡುಗಿ ಬಗ್ಗಿ ಸ್ಕೇಲ್ ಇಟ್ಟಳು. 54 ಮಿ.ಮೀ. ಬಂತು. ಗೇಟಿನಲ್ಲಿ ಈ ಸಂದು 51ಕ್ಕಿಂತ ಕಡಿಮೆ ಇರಬಾರದು, 57 ದಾಟಬಾರದು. ಯಾಕೆ 51? ಬ್ರಾಡ್‌ಗೇಜ್ ಹಳಿಗಳ ನಡುವಿನ ಅಳತೆ 1676. ಒಂದು ಅಚ್ಚಿನ ಎರಡು ಗಾಲಿಗಳ ಬೆನ್ನಿನಿಂದ ಬೆನ್ನಿಗೆ, ಅಂದರೆ ಒಳಮುಖದಿಂದ ಒಳಮುಖಕ್ಕೆ, 1600. ಕಳೆದರೆ 76 ಉಳಿಯಿತು. ಗಾಲಿ ಸರಿಯಾಗಿ ಮಧ್ಯೆ ನಿಂತಿದ್ದರೆ ಆ ಕಡೆ 38, ಈ ಕಡೆ 38. ಆದರೆ ಓಡುವ ಗಾಲಿ ಮಧ್ಯೆ ನಿಲ್ಲುವುದಿಲ್ಲ, ಆ ಕಡೆ ಈ ಕಡೆ ಆಡುತ್ತದೆ. ಒಟ್ಟು 19 ಮಿ.ಮೀ. ಆಟ. ಅದರಲ್ಲಿ ಅರ್ಧ, 9.5, ಸೇರಿಸಿದರೆ 47.5 ಆಯಿತು. ಅದರ ಮೇಲೆ ಮೂರೂವರೆ ಮಿಲಿಮೀಟರ್ ಉಸಿರಾಡಲು ಬಿಟ್ಟರೆ 51. ಸುಮ್ನೆ ಬಂದ ಅಂಕಿಯಲ್ಲ ಅದು.

ಆ ಮೂರೂವರೆ ಮಿಲಿಮೀಟರಿನ ಬೆಲೆ ನನಗೆ ಗೊತ್ತಾಗಿದ್ದು ಒಂದು ಪುನರ್ವಸು ಮಳೆಯಲ್ಲಿ. ಆಗಿನ್ನೂ ಮೀಟರ್ ಗೇಜ್. ಯಾರೋ ಗುತ್ತಿಗೆದಾರರು ಗೇಟಿನ ಮೇಲೆ ಡಾಂಬರು ಹಾಕಿಸಿ, ಸಂದಿನೊಳಗೆ ಬಿದ್ದ ಸಣ್ಣ ಜಲ್ಲಿ ತೆಗೆಸದೆ ಹೋಗಿದ್ದರು. ಅದರ ಮೇಲೆ ಮಳೆಯ ಕೆಸರು ಕೂತು, ಲಾರಿ ಹರಿದು, ಗಟ್ಟಿಯಾಗಿತ್ತು. ನಾನು ತಳ್ಳುವ ಟ್ರಾಲಿಯಲ್ಲಿ ಕೊಡೆ ಹಿಡಿದು ಕೂತಿದ್ದೆ. ಗೇಟಿಗೆ ಬಂದ ಕೂಡಲೇ ಮುಂದಿನ ಗಾಲಿ ಸಂದಿನಿಂದ ಎದ್ದಿತು. ಟ್ರಾಲಿ ಓರೆಯಾಗಿ ರಸ್ತೆಗೆ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ದಿನಾ ನಡೆದು ಹಳಿ ನೋಡುವ ನಮ್ಮ ಕೀಮನ್ ಒಂದು ಮಾತೂ ಆಡದೆ ಕುಕ್ಕರಗಾಲಲ್ಲಿ ಕೂತು, ಸಬ್ಬಲ್ಲಿನ ತುದಿಯಿಂದ ಆ ಜಲ್ಲಿಯನ್ನು ಒಂದೊಂದಾಗಿ ಎಬ್ಬಿಸಿ ತೆಗೆದರು. ಸಾಗರದ ಗಾಡಿ ಬರಲು ಇನ್ನು ಇಪ್ಪತ್ತು ನಿಮಿಷ ಇತ್ತು.

ಈಗ ಟ್ರಾಮ್ ಕಡೆ ಬನ್ನಿ. ಯುರೋಪಿನ ಊರುಗಳಲ್ಲಿ ರಸ್ತೆಯೊಳಗೆ ಹಾಕುವ ಹಳಿಗಳಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯಲ್ಲಿ ಸಂದು ಸುಮಾರು 36 ಮಿ.ಮೀ., ಇನ್ನೊಂದರಲ್ಲಿ 42. ಸೈಕಲ್ ಚಕ್ರ ಸಿಕ್ಕಿಕೊಳ್ಳಬಾರದು, ನಡೆಯುವವರ ಕಾಲು ಸಿಗಬಾರದು, ಅದಕ್ಕೇ ಇಷ್ಟು ಕಿರಿದು. ಅಲ್ಲಿ ರೈಲಿನ ಗೇಜ್ 1435, ಗಾಲಿಗಳ ಬೆನ್ನಿನ ಅಂತರ 1360. ಕಳೆದರೆ 75, ಅರ್ಧ ಮಾಡಿದರೆ 37.5. ಗಾಲಿ ಅಲುಗಾಡದೆ ನಟ್ಟನಡುವೆ ನಿಂತರೂ 37.5 ಬೇಕು, ಇರುವುದು 36. ಅಂದರೆ ರೈಲಿನ ಗಾಲಿಯ ಬೆನ್ನು ಟ್ರಾಮ್ ಹಳಿಯ ತುಟಿ ಮೇಲೆ ಹತ್ತಿ ಕೂರುತ್ತದೆ. ಗೇಜ್ ಒಂದೇ ಇದ್ದರೂ ಗಾಡಿ ಹೋಗುವುದಿಲ್ಲ! ಹಳಿ ಕೂಡಿಸಿದರೆ ಸಾಕು ಅನ್ನುವವರು ಎಡವುವುದು ಈ ಒಂದೂವರೆ ಮಿಲಿಮೀಟರಿನಲ್ಲಿ.

ಹಾಗಾದರೆ ಯಾರು ಬದಲಾಗಬೇಕು? ನೂರು ವರ್ಷದ ಎಂಜಿನ್ನಿನ ಗಾಲಿ ಕಡೆದು ಟ್ರಾಮ್‌ಗೆ ಹೊಂದಿಸಿದರೆ ಅದು ಆಮೇಲೆ ರೈಲು ಹಳಿಯ ಮೇಲೆ ಓಡಲಾರದು. ನನ್ನ ಖಚಿತ ಅಭಿಪ್ರಾಯ: ಹಳೆಯದು ಬದಲಾಗಬಾರದು, ಹೊಸದು ಜಾಗ ಮಾಡಿಕೊಡಬೇಕು. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಮಾಡಿದ್ದು ಅದನ್ನೇ. 1992ರಲ್ಲಿ ಅಲ್ಲಿ ಊರೊಳಗಿನ ಟ್ರಾಮ್ ನೇರವಾಗಿ ಮುಖ್ಯ ರೈಲು ಮಾರ್ಗ ಹತ್ತಿ ಬ್ರೆಟ್ಟನ್ ತನಕ ಹೋಗಲು ಶುರುವಾಯಿತು. ಊರೊಳಗೆ 750 ವೋಲ್ಟ್, ಹೊರಗೆ 15,000 ವೋಲ್ಟ್, ಎರಡರಲ್ಲೂ ಅದೇ ಗಾಡಿ. ಕರೆಂಟಿನ ವಿಷಯ ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಗಾಲಿ. ಟ್ರಾಮ್ ಗಾಲಿಯ ಬೆನ್ನು ಹಳಿಗೆ ಹತ್ತಿರ ಇರುತ್ತದೆ. ಹಾಗಾಗಿ ರೈಲಿನ ಕ್ರಾಸಿಂಗ್‌ನಲ್ಲಿ, ಅಂದರೆ ಒಂದು ಹಳಿ ಇನ್ನೊಂದನ್ನು ದಾಟುವಲ್ಲಿ, ಚೆಕ್ ರೈಲಿಗೂ ಗಾಲಿಯ ಬೆನ್ನಿಗೂ ನಡುವೆ ಜಾಗ ಜಾಸ್ತಿಯಾಗಿ, ಎದುರಿನ ಗಾಲಿ ಕ್ರಾಸಿಂಗ್‌ನ ಮೂಗಿಗೆ, ಅಲ್ಲಿನ ಚೂಪು ತುದಿಗೆ, ಗುದ್ದುವ ಅಪಾಯ. ಅವರು ಟ್ರಾಮ್ ಗಾಲಿಯ ಫ್ಲ್ಯಾಂಜನ್ನು ಕೆಳಗೆ ತೆಳ್ಳಗೆ ಬಿಟ್ಟು, ಹಳಿಯ ಮಟ್ಟಕ್ಕಿಂತ ಮೇಲೆ ಬೆನ್ನನ್ನು ದಪ್ಪ ಮಾಡಿದರು. ಚೆಕ್ ರೈಲನ್ನು ಹಳಿಗಿಂತ ಎತ್ತರಿಸಿ ಆ ದಪ್ಪ ಭಾಗವನ್ನು ಹಿಡಿಯುವ ಹಾಗೆ ಮಾಡಿದರು. ಊರಿನ ಸಂದಿನಲ್ಲಿ ತೆಳ್ಳನೆ ಭಾಗ ಓಡುತ್ತದೆ, ರೈಲಿನ ಕ್ರಾಸಿಂಗ್‌ನಲ್ಲಿ ದಪ್ಪ ಭಾಗ ಕಾಯುತ್ತದೆ.

ಅದೇ ಕಾರ್ಲ್ಸ್‌ರೂಹೆಯಿಂದ ಕಾಡಿನ ಕಣಿವೆ ಹಿಡಿದು ಬಾಡ್ ಹೆರೆನಾಲ್ಬ್‌ಗೆ ಹೋಗುವ ಆಲ್ಬ್‌ಟಾಲ್ ಲೈನ್ ನಮ್ಮವರು ಗಮನಿಸಬೇಕಾದದ್ದು. ಶುರುವಿನಲ್ಲಿ ಅದೂ ನಮ್ಮ ಹಾಗೆ ಮೀಟರ್ ಗೇಜ್. 1957ರಿಂದ 1966ರೊಳಗೆ ತುಂಡುತುಂಡಾಗಿ 1435ಕ್ಕೆ ಬದಲಾಯಿಸಿ, ಊರಿನ ಟ್ರಾಮ್ ಹಳಿಗೆ ಕೂಡಿಸಿದರು. ಇವತ್ತು ದಿನವಿಡೀ ಅಲ್ಲಿ ಓಡುವುದು ಟ್ರಾಮ್. ರಜೆಯ ಕೆಲವು ದಿನ ಅದೇ ಹಳಿಯ ಮೇಲೆ, ಅದೇ ತಂತಿಯ ಕೆಳಗೆ, ರೈಲು ಪ್ರೇಮಿಗಳ ಸಂಘದವರು ಉಗಿ ಎಂಜಿನ್ ಗಾಡಿ ಓಡಿಸುತ್ತಾರೆ. ಉಗಿ ಗಾಡಿ ಊರಿನ ಬೀದಿಗೆ ಬರುವುದಿಲ್ಲ, ಕಣಿವೆ ಲೈನಿನಲ್ಲೇ ಇರುತ್ತದೆ. ಬೀದಿಗೂ ಕಣಿವೆಗೂ ಎರಡಕ್ಕೂ ಹೋಗುವುದು ಟ್ರಾಮ್. ಬಗ್ಗಿದ್ದು ಹೊಸದು.

ಹುಡುಗಿಯ ಪ್ರಶ್ನೆಗೆ ಇನ್ನೂ ಹತ್ತಿರದ ಉತ್ತರ ಸ್ಟುಟ್‌ಗಾರ್ಟ್‌ನಲ್ಲಿದೆ. ಅಲ್ಲಿ ಟ್ರಾಮ್ ಮೀಟರ್ ಗೇಜ್ ಆಗಿತ್ತು. 1985ರಿಂದ 2007ರ ತನಕ ಒಂದೊಂದೇ ಮಾರ್ಗವನ್ನು 1435ಕ್ಕೆ ಬದಲಾಯಿಸಿದರು. ಬದಲಾಯಿಸುವ ಕಾಲದಲ್ಲಿ ಎರಡೂ ಬಗೆಯ ಗಾಡಿ ಓಡಬೇಕಲ್ಲ, ಅದಕ್ಕೆ ಮೂರು ಹಳಿ ಹಾಕಿದರು. ಒಂದು ಹಳಿ ಇಬ್ಬರಿಗೂ, ಉಳಿದೆರಡು ಒಬ್ಬೊಬ್ಬರಿಗೆ ಒಂದೊಂದು. ಕೆಲಸ ಮುಗಿದ ಮೇಲೂ ಕೆಲವು ಮಾರ್ಗಗಳಲ್ಲಿ ಮೂರನೇ ಹಳಿಯನ್ನು ಕೀಳಲಿಲ್ಲ. ಬಾಡ್ ಕಾನ್‌ಸ್ಟಾಟ್‌ನ ಟ್ರಾಮ್ ಮ್ಯೂಸಿಯಂನಿಂದ ಹಳೆ ಮೀಟರ್ ಗೇಜ್ ಗಾಡಿಗಳು ಆ ಹಳಿ ಹಿಡಿದು ಹೊಸ ಗಾಡಿಗಳ ನಡುವೆಯೇ ಊರು ಸುತ್ತಿ ಬರುತ್ತವೆ.

ಇದನ್ನು ಓದುವಾಗೆಲ್ಲ ನನಗೆ ನಮ್ಮ ಲೈನಿನ ನೆನಪಾಗುತ್ತದೆ. ಶಿವಮೊಗ್ಗಕ್ಕೆ ಬೀರೂರಿನಿಂದ ಮೀಟರ್ ಗೇಜ್ ಬಂದಿದ್ದು 1899ರಲ್ಲಿ. ಆಮೇಲೆ ಅದು ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪ ಮುಟ್ಟಿತು. ಕೊನೆಗಾಲದಲ್ಲಿ ಅದರ ಮೇಲೆ ರೈಲ್‌ಬಸ್ ಓಡುತ್ತಿತ್ತು. ಬ್ರಾಡ್‌ಗೇಜ್ ಬರಲೇಬೇಕಿತ್ತು, ಅದರಿಂದ ಸಾಗರದವರಿಗೆ ಬೆಂಗಳೂರು ಹತ್ತಿರವಾಯಿತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹಳಿ ಕಿತ್ತು ರಾಶಿ ಹಾಕುವ ದಿನ ನಾನೂ ಅಲ್ಲಿದ್ದೆ. ನಾಲ್ಕೈದು ಕಿಲೋಮೀಟರ್ ಮೂರನೇ ಹಳಿ ಬಿಡಿ ಅಂತ ಹೇಳುವಷ್ಟು ತಿಳಿವಳಿಕೆ ಆಗ ನನಗಿರಲಿಲ್ಲ. ಅರಸಾಳಿನ ಹಳೆ ನಿಲ್ದಾಣವನ್ನು ಚೆಂದ ಮಾಡಿ ಮ್ಯೂಸಿಯಂ ಮಾಡಿದ್ದಾರೆ, ಹೋದಾಗೆಲ್ಲ ಖುಷಿಯಾಗುತ್ತದೆ. ಹಳೆ ಗಾಡಿ ಓಡಲು ಮಾತ್ರ ಹಳಿ ಇಲ್ಲ.

ಹಳಿ ಉಳಿದರೂ ಸಂಪರ್ಕ ಹೋದರೆ ಏನಾಗುತ್ತದೆ ಅಂತ ನೀಲಗಿರಿಯ ಬೆಟ್ಟದ ರೈಲು ನೋಡಿ. ಮೆಟ್ಟುಪಾಳ್ಯದಲ್ಲಿ ಬ್ರಾಡ್‌ಗೇಜ್ ಇಳಿದು ಮೀಟರ್ ಗೇಜ್ ಹತ್ತಬೇಕು. ಜನ ಇಳಿದು ಹತ್ತುತ್ತಾರೆ, ತೊಂದರೆ ಇಲ್ಲ. ಎಂಜಿನ್ನಿಗೆ ದೊಡ್ಡ ರಿಪೇರಿ ಬಂದರೆ ತಿರುಚಿರಾಪಳ್ಳಿಯ ವರ್ಕ್‌ಶಾಪ್‌ಗೆ ಹೋಗಬೇಕು. ಸುತ್ತ ಎಲ್ಲ ಬ್ರಾಡ್‌ಗೇಜ್ ಆದ್ದರಿಂದ ಅದು ತನ್ನ ಗಾಲಿ ಮೇಲೆ ತಾನು ಹೋಗುವ ಹಾಗಿಲ್ಲ.

ನಮ್ಮ ಅಜ್ಜ ಇದನ್ನು ಬೇರೆ ರೀತಿ ಕಂಡವರು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಗೇಜಿನ ಸಣ್ಣ ಲೈನ್ ಇತ್ತು. ಜನ ಅದನ್ನು ಟ್ರಾಮ್ ಅಂತಲೇ ಕರೆಯುತ್ತಿದ್ದರು. ತರೀಕೆರೆಯಲ್ಲಿ ಅದು ಮೀಟರ್ ಗೇಜಿನ ಪಕ್ಕ ಬಂದು ನಿಲ್ಲುತ್ತಿತ್ತು, ಕೂಡುತ್ತಿರಲಿಲ್ಲ. ಸಣ್ಣ ವ್ಯಾಗನ್ನಿನಿಂದ ದೊಡ್ಡದಕ್ಕೆ ಮರದ ತುಂಡು ಹೆಗಲ ಮೇಲೆ ಹೊತ್ತು ಹಾಕಿದವರಲ್ಲಿ ಅಜ್ಜನೂ ಒಬ್ಬರು. ಟ್ರಾಮ್ ಅನ್ನುವ ಹೆಸರು ಸುಮ್ನೆ ಬಂದಿಲ್ಲ. ನ್ಯಾರೋಗೇಜಿನಲ್ಲಿ 40 ಡಿಗ್ರಿ ತನಕ ತಿರುವು ಕೊಡಬಹುದು, ಅಂದರೆ 44 ಮೀಟರ್ ತ್ರಿಜ್ಯ. ಮೀಟರ್ ಗೇಜಿಗೆ 16 ಡಿಗ್ರಿ, 109 ಮೀಟರ್. ಬ್ರಾಡ್‌ಗೇಜಿಗೆ 10 ಡಿಗ್ರಿ, 175 ಮೀಟರ್. ಊರಿನ ಟ್ರಾಮ್ 25 ಮೀಟರಿನಲ್ಲೂ ತಿರುಗುತ್ತದೆ. ಗಾಂಧಿ ಬಜಾರಿನ ಮೂಲೆಯಲ್ಲಿ ಟ್ರಾಮ್ ತಿರುಗೀತು, ಮೀಟರ್ ಗೇಜ್ ಎಂಜಿನ್ ತಿರುಗಲಾರದು. ಹಳೆ ಗಾಡಿಗೆ ಊರಂಚಿನ ನೇರ ಲೈನೇ ಸರಿ.

ಗಟ್ಟಿತನದ ಮಾತೂ ಇದೆ. ರೈಲಿನ ಬೋಗಿ ಸುಮಾರು 150 ಟನ್ ಒತ್ತಿದರೂ ತಡೆಯುವ ಹಾಗೆ ಕಟ್ಟುತ್ತಾರೆ. ಸಾಮಾನ್ಯ ಟ್ರಾಮ್ ತಡೆಯುವುದು 20ರಿಂದ 40. ಕಾರ್ಲ್ಸ್‌ರೂಹೆಯದು 60. ಎರಡೂ ಡಿಕ್ಕಿಯಾದರೆ ನುಜ್ಜಾಗುವುದು ಯಾವುದು ಅಂತ ಹೇಳಬೇಕಿಲ್ಲ. ಜೊತೆಗೆ ಟ್ರಾಮ್ ಚಾಲಕರು ಕಣ್ಣಿಗೆ ಕಂಡಂತೆ ಓಡಿಸುತ್ತಾರೆ, ಹಳಿಗೆ ಅಂಟುವ ಮ್ಯಾಗ್ನೆಟ್ ಬ್ರೇಕ್ ಇದೆ, ತಟ್ಟನೆ ನಿಲ್ಲುತ್ತದೆ. ಉಗಿ ಗಾಡಿಗೆ ಅದು ಆಗದು. ಸಿಗ್ನಲ್ ಸರಿಯಾಗಿ ಹಾಕಬೇಕು, ಇಲ್ಲವಾದರೆ ಹೊತ್ತು ಬೇರೆ ಮಾಡಬೇಕು. ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ 1981ರಲ್ಲಿ ಟ್ರಾಮ್ ಶುರುವಾದಾಗ ಅದೇ ಹಳಿಯ ಮೇಲೆ ಗೂಡ್ಸ್ ಗಾಡಿಯನ್ನು ರಾತ್ರಿ ಟ್ರಾಮ್ ನಿಂತ ಮೇಲೆ ಬಿಟ್ಟರು. ಜಾತ್ರೆ ರಥದ ಹಾಗೆ ವರ್ಷಕ್ಕೆ ಕೆಲವೇ ದಿನ ಓಡುವ ಹಳೆ ಗಾಡಿಗೆ ಇದು ಒಳ್ಳೆ ದಾರಿ.

ಕಣ್ಣಿಗೆ ಕಾಣದ ಒಂದು ಅಪಾಯ ಕರೆಂಟು. ತಂತಿಯಿಂದ ಬಂದ ಕರೆಂಟು ವಾಪಸ್ ಹೋಗುವುದು ಹಳಿಯಲ್ಲೇ. ಕೂಡಿಸಿದ ಹಳಿಯಲ್ಲಿ ಅದು ಹಳೆ ಲೈನಿಗೂ ಹರಿದು, ನೆಲಕ್ಕೆ ಸೋರಿ, ಪಕ್ಕದ ನೀರಿನ ಪೈಪನ್ನು ತಿನ್ನುತ್ತದೆ. ನಮ್ಮ ಮಳೆಗಾಲದ ಒದ್ದೆ ನೆಲದಲ್ಲಿ ಇನ್ನೂ ಜಾಸ್ತಿ. ಕೂಡುವಲ್ಲಿ ಕರೆಂಟು ದಾಟದ ಇನ್ಸುಲೇಟೆಡ್ ಜಾಯಿಂಟ್ ಹಾಕಲೇಬೇಕು, ಎಂಜಿನ್ ಅದರ ಮೇಲೆ ಅಡ್ಡ ನಿಲ್ಲದ ಹಾಗೆ ನೋಡಿಕೊಳ್ಳಬೇಕು.

ಇಷ್ಟೆಲ್ಲ ಬೇಡ ಅಂದರೆ ಕೂಡಿಸದೆಯೂ ಬದುಕಬಹುದು. ಇಂಗ್ಲೆಂಡಿನ ಬರಿ ಅನ್ನುವ ಊರಿನಲ್ಲಿ 1987ರಿಂದ ಉಗಿ ಗಾಡಿಯ ಪಾರಂಪರಿಕ ರೈಲು ಇದೆ, 1992ರಿಂದ ಟ್ರಾಮ್ ಇದೆ. 2003ರಲ್ಲಿ ಹಳೆ ಲೈನನ್ನು ಹೇವುಡ್‌ಗೆ ಒಯ್ಯುವಾಗ ಟ್ರಾಮ್ ಹಳಿಯ ಮೇಲೆ ಸೇತುವೆ ಹತ್ತಿಸಿ ದಾಟಿಸಿದರು. ಕಡಿದಾದ ಏರು, ಉಗಿ ಎಂಜಿನ್ ಅಲ್ಲಿ ದಮ್ಮು ಕಟ್ಟಿ ಹತ್ತಬೇಕು.

ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಹುಡುಗಿ ನೋಟ್‌ಬುಕ್ ಬಿಚ್ಚಿ ಮೂರು ಗೆರೆ ಎಳೆದಳು. ಹೊಸ ಟ್ರಾಮ್ ಬಂದರೆ ಬೆಂಗಳೂರಿನ ಮೆಟ್ರೋ ಹಾಗೆ 1435 ಅಂತ ಹಿಡಿಯೋಣ, ಹಳೆಯದು 1000. ಎರಡು ಹಳಿಯ ನಡುವೆ 435, ಸ್ಟುಟ್‌ಗಾರ್ಟಿನದೇ ಲೆಕ್ಕ. "ಗಾಡಿಯ ಮಧ್ಯದ ಗೆರೆ 217 ಮಿಲಿಮೀಟರ್ ಸರಿಯುತ್ತೆ ಸಾರ್," ಅಂದಳು. ಸರಿಯಾಗಿ ಹಿಡಿದಿದ್ದಳು. ಟ್ರಾಮಿನ ಅಗಲ 2.65 ಮೀಟರ್, ಅರ್ಧ ಅಂದರೆ 1.32. ನಮ್ಮ ಮೀಟರ್ ಗೇಜ್ ಬೋಗಿ ಸುಮಾರು 2.7, ಅರ್ಧ 1.35. ಇಬ್ಬರಿಗೂ ಸೇರಿದ ಹಳಿಯನ್ನು ಪ್ಲಾಟ್‌ಫಾರ್ಮ್ ಬದಿಗೆ ಇಟ್ಟರೆ ಬೋಗಿ 1.57ಕ್ಕೆ ಬರುತ್ತದೆ, ಪ್ಲಾಟ್‌ಫಾರ್ಮಿಗೆ ಬಡಿಯುತ್ತದೆ. ಅವಳು ಗೆರೆ ಅಳಿಸಿ, ಪ್ಲಾಟ್‌ಫಾರ್ಮನ್ನು ಆಚೆ ಬದಿಗೆ ಬರೆದಳು.

"ಈಗ ಸುಮಾರು ಇಪ್ಪತ್ತು ಸೆಂಟಿಮೀಟರ್ ಖಾಲಿ ಉಳಿಯುತ್ತೆ. ಅಜ್ಜಿಯರು ಹತ್ತೋಕೆ ಹಲಗೆ ಹಾಕಬೇಕಲ್ವಾ ಸಾರ್?"

ಹಾಕಬೇಕು ಅಂದೆ. ಯಾವ ಮರ, ಎಷ್ಟು ದಪ್ಪ ಅಂತ ಹುಡುಗರು ಮಾತಾಡುತ್ತಿರುವಾಗ ಗೇಟ್‌ಮನ್ ಬಂದು ಗೇಟ್ ಇಳಿಸಿದರು. ತಾಳಗುಪ್ಪದ ಗಾಡಿ ಬರುವ ಹೊತ್ತಾಗಿತ್ತು.